ಮುರಿಯಲು ಬರುವ ಕಾನೂನು

ನಮ್ಮ ಊರಿನಲ್ಲಿ ಕಾನೂನು ಮುರಿದವರು ಒಬ್ಬರೂ ಇರಲಿಲ್ಲ. ನಾವೆಲ್ಲ ಬಂಗಾರದಂಥ ಜನ ಅಂತ ತಿಳಿದುಕೊಳ್ಳಬೇಡಿ. ನಮ್ಮಲ್ಲೂ ಕೈಚಳಕದವರಿದ್ದರು, ನಾಲಗೆ ಹರಿಬಿಡುವವರಿದ್ದರು, ನನ್ನ ಸೋದರಮಾವನಂಥ ಖದೀಮರೂ ಇದ್ದರು. ಆದರೆ ಕಾನೂನು ಮುರಿಯಲು ಬರುತ್ತಿರಲಿಲ್ಲ, ಅಷ್ಟೇ. ಊರ ನಡುವಿನ ಕಟ್ಟೆಯ ಮೇಲೆ ನಿಂತು ನಾನು ಹಲಗಿ ಬಾರಿಸಿ, ದೊರೆ ಬರೆದುಕೊಟ್ಟ ಹಾಳೆಯನ್ನು ಗಟ್ಟಿಯಾಗಿ ಓದಿ ಮುಗಿಸಿದೆನೆಂದರೆ ಆ ಮಾತು ಎಲ್ಲರ ಮೈಗೆ ಇಳಿದುಬಿಡುತ್ತಿತ್ತು. ಬೇಡವೆಂದದ್ದನ್ನು ಮಾಡಲು ಹೋದರೆ ಕೈ ಅಲ್ಲೇ ನಿಲ್ಲುತ್ತಿತ್ತು. ಮಾಡು ಎಂದದ್ದನ್ನು ಮಾಡದೆ ಕೂತರೆ ಕಾಲು ತಾನಾಗಿ ಎದ್ದು ಹೊರಡುತ್ತಿತ್ತು. ಹೀಗಾಗಿ ನಮ್ಮಲ್ಲಿ ಪೊಲೀಸರಿರಲಿಲ್ಲ, ಜೈಲಿರಲಿಲ್ಲ, ವಕೀಲರಂತೂ ಇರಲೇ ಇಲ್ಲ. ಒಮ್ಮೆ ಎಲ್ಲಿಂದಲೋ ಒಬ್ಬ ವಕೀಲ ಬಂದು ಬೋರ್ಡು ತೂಗುಹಾಕಿಕೊಂಡು ಒಂದು ಬೇಸಿಗೆಯಿಡೀ ನೊಣ ಹೊಡೆದ. ಕೊನೆಗೆ ಅದೇ ಬೋರ್ಡನ್ನು ತಿರುಗಿಸಿ ಬರೆಸಿ ಮಿರ್ಚಿ ಭಜಿ ಅಂಗಡಿ ಇಟ್ಟ. ಭಜಿ ಚೆನ್ನಾಗಿಯೇ ಮಾಡುತ್ತಿದ್ದ.

ನಾನು ಡಂಗುರದ ಚಂದ್ರಾಮ. ನಮ್ಮ ಅಪ್ಪ, ಅಜ್ಜ ಎಲ್ಲರೂ ಅದೇ ಕಟ್ಟೆಯ ಮೇಲೆ ನಿಂತು ಕೂಗಿದವರು. ಹೆಮ್ಮೆ ಅಂತಲ್ಲ, ಇದ್ದದ್ದು ಹೇಳುತ್ತೇನೆ: ನನ್ನಂಥ ದನಿ ನಮ್ಮ ವಂಶದಲ್ಲೇ ಇರಲಿಲ್ಲ. ನಾನು ಮನೆಯಲ್ಲಿ ಚಹಾ ಕೇಳಿದರೆ ಹಿಂದಿನ ಓಣಿಯಲ್ಲಿ ಯಾರೋ ಗಡಬಡಿಸಿ ಒಲೆಯ ಮೇಲೆ ನೀರಿಡುತ್ತಿದ್ದರು. ದೇಶ ಅಂದರೆ ನಮಗೆ ನಮ್ಮ ಊರೇ. ಸುತ್ತಲಿನ ಹೊಲ, ಒಂದು ಗುಡ್ಡ, ಒಂದು ಹಳ್ಳ, ಅದರಾಚೆಗೆ ಒಂದು ಓಣಿ. ಇಷ್ಟಕ್ಕೆ ಒಬ್ಬ ದೊರೆ.

ದೊರೆ ಕೆಟ್ಟವನೇನೂ ಅಲ್ಲ, ಸ್ವಲ್ಪ ತಲೆತಿರುಕ. ಅವನು ಮಧ್ಯಾಹ್ನ ಮಲಗಿದಾಗ ಯಾರೂ ಸದ್ದು ಮಾಡಕೂಡದೆಂದು ಒಮ್ಮೆ ಬರೆದುಕೊಟ್ಟ. ಅವತ್ತಿನಿಂದ ದೊರೆ ಕಣ್ಣು ಮುಚ್ಚಿದೊಡನೆ ಹಿತ್ತಾಳೆಯ ಕೊಡ ಕೈಜಾರಿ ಬಿದ್ದರೂ ಠಣ್ ಎನ್ನುತ್ತಿರಲಿಲ್ಲ. ಕೂಸುಗಳು ಬಾಯಿ ತೆರೆದು ಅಳುತ್ತಿದ್ದವು, ದನಿಯೇ ಇಲ್ಲ. ತಾಯಂದಿರು ಕಿವಿಯ ಕೆಲಸ ಬಿಟ್ಟು ಕೂಸಿನ ಬಾಯಿಯನ್ನೇ ನೋಡುತ್ತ ಕೂರುತ್ತಿದ್ದರು. ದೊರೆಗಿಂತ ಮೊದಲು ಯಾರೂ ಉಣ್ಣಕೂಡದೆಂಬ ಇನ್ನೊಂದಿತ್ತು. ಅವನು ಎದ್ದು, ಮಿಂದು, ಪೂಜೆ ಮುಗಿಸಿ ಮೊದಲ ತುತ್ತು ಬಾಯಿಗಿಡುವವರೆಗೆ ಊರಿನವರೆಲ್ಲ ಮುರಿದ ರೊಟ್ಟಿಯನ್ನು ಪಲ್ಯದಲ್ಲಿ ಅದ್ದಿ ಹಿಡಿದುಕೊಂಡು ಕಾಯುತ್ತಿದ್ದೆವು. ಕೈ ಗದ್ದದ ಹತ್ತಿರ ಬಂದು ನಿಂತುಬಿಡುತ್ತಿತ್ತು. ದೊರೆಗೆ ಅಜೀರ್ಣವಾಗಿ ಹರಳೆಣ್ಣೆ ಕುಡಿದ ದಿನ ಇಡೀ ದೇಶವೇ ಉಪವಾಸ. ಆದರೂ ಜನ ಹೊಂದಿಕೊಂಡಿದ್ದರು. ದೊರೆಯ ಆರೋಗ್ಯಕ್ಕೆ ನಮ್ಮಷ್ಟು ಹರಕೆ ಹೊತ್ತ ಪ್ರಜೆಗಳು ಜಗತ್ತಿನಲ್ಲೇ ಇರಲಿಕ್ಕಿಲ್ಲ.

ಇವನ್ನೆಲ್ಲ ನಕ್ಕು ಮರೆಯಬಹುದಿತ್ತು. ಮರೆಯಲಾಗದ್ದು ಹಳ್ಳದ ಕಾನೂನು. ಅದು ಈ ದೊರೆಯದೂ ಅಲ್ಲ, ಇವನ ಮುತ್ತಜ್ಜನದು. ಪ್ರತಿಯೊಬ್ಬ ದೊರೆಯೂ ಪಟ್ಟಕ್ಕೆ ಬಂದ ದಿನ ಅದನ್ನು ಮತ್ತೆ ಓದಿಸುತ್ತಿದ್ದ. ಹಳ್ಳದಾಚೆಯ ಓಣಿಯವರು ಹಳ್ಳ ದಾಟಕೂಡದು. ತೊಗಲು ಹದ ಮಾಡುವವರು, ಹಲಗಿ ಕಟ್ಟುವವರು, ಸತ್ತ ದನ ಸಾಗಿಸುವವರು ಅಲ್ಲಿದ್ದರು. ನಾವು ಬೇಕಾದಾಗ ಆ ಕಡೆಗೆ ಹೋಗಿ ಬರಬಹುದು. ಅವರು ನೀರಿನಂಚಿಗೆ ಬಂದರೆ ಪಾದ ಹುಗಿದಂತೆ ನಿಲ್ಲುತ್ತಿತ್ತು. ಮೊಣಕಾಲಿಗೂ ಬಾರದ ನೀರು ಅದು.

ನನ್ನ ಹಲಗಿ ಅಲ್ಲಿಯ ಯಮನಪ್ಪನ ಕೈಯದು. ತೊಗಲು ಹರಿದರೆ ಅವನ ಹತ್ತಿರ ಹೋಗಬೇಕು. ಅವನಿಗೊಬ್ಬಳು ಮಗಳಿದ್ದಳು, ಲಗಮವ್ವ. ಮೊದಲ ಸಲ ಹೋದಾಗ ಅವಳು ತೊಗಲನ್ನು ಬೆಂಕಿಗೆ ಹಿಡಿದು ಕಾಯಿಸಿ, ಬೆರಳಿನಿಂದ ಒಂದು ಏಟು ಕೊಟ್ಟು, ಕಿವಿಗೊಟ್ಟು ಕೇಳಿ, "ನಿಮ್ಮ ಹಲಗಿ ಚೊಲೊ ಐತ್ರಿ, ಬಾರಿಸೂದ ಚೊಲೊ ಇಲ್ಲ" ಅಂದಳು. ಆ ಮಾತಿಗೆ ನಾನು ಬಿದ್ದೆ. ಅಲ್ಲಿಂದಾಚೆಗೆ ನನ್ನ ಹಲಗಿಯ ತೊಗಲು ಹುಣ್ಣಿವೆಗೊಮ್ಮೆ ಅಮಾವಾಸ್ಯೆಗೊಮ್ಮೆ ಹರಿಯತೊಡಗಿತು. ಆದರೆ ಏನು ಪ್ರಯೋಜನ? ಅವಳು ಈ ಕಡೆ ಬರುವಂತಿಲ್ಲ. ನಾನು ಆ ಕಡೆ ಇರುವಂತಿಲ್ಲ, ಏಕೆಂದರೆ ಡಂಗುರದವನು ಕಟ್ಟೆಯ ಕೆಳಗಿನ ಮನೆಯಲ್ಲೇ ಮಲಗಬೇಕೆಂದು ಇನ್ನೊಂದು ಕಾನೂನಿತ್ತು. ಹೊತ್ತು ಮುಳುಗಿದರೆ ಸಾಕು, ಮಾತು ಅರ್ಧಕ್ಕೇ ಬಿಟ್ಟು ನನ್ನ ಕಾಲು ಎದ್ದು ಮನೆಯ ದಾರಿ ಹಿಡಿಯುತ್ತಿತ್ತು. ಹಿಂದಕ್ಕೆ ತಿರುಗಿ ನೋಡುತ್ತ, ಕಲ್ಲು ಎಡವುತ್ತ ಹೋಗುತ್ತಿದ್ದೆ. ಅವಳು ಅಂಚಿನಲ್ಲಿ ನಿಂತು ನಗುತ್ತಿದ್ದಳು. ಆಮೇಲೆ ಆಮೇಲೆ ನಗುವುದನ್ನು ಬಿಟ್ಟಳು.

ಹೀಗಿರುವಾಗ ಒಂದು ದಿನ ದೊರೆಗೆ ಎಲ್ಲ ಸಾಕಾಯಿತು. ಬೆಳಗ್ಗೆಯೇ ಹಾಸಿಗೆ ಪೆಟ್ಟಿಗೆ ಕಟ್ಟಿಸಿ ಮೋಟಾರಿನಲ್ಲಿಟ್ಟು, ಹೆಂಡತಿಯ ತವರಿಗೆ ಹೋಗುತ್ತೇನೆ, ಇನ್ನು ಬರುವುದಿಲ್ಲ, ನಿಮ್ಮದು ನೀವು ನೋಡಿಕೊಳ್ಳಿ ಎಂದು ಹೊರಟುಬಿಟ್ಟ. ನಾವು ಎಂದಿನಂತೆ ತುತ್ತು ಹಿಡಿದು ಕೂತಿದ್ದೆವು. ಮೋಟಾರು ಗಡಿ ದಾಟಿರಬೇಕು, ಊರಿನ ಅಷ್ಟೂ ಜನರ ಕೈ ಧಡಕ್ಕನೆ ಬಾಯಿಗೆ ಹೋಯಿತು. ಎಷ್ಟೋ ಜನ ಬೆರಳು ಕಚ್ಚಿಕೊಂಡರು. ದೊರೆಯ ಬೆನ್ನಿಗೆ ಅವನ ಕಾನೂನುಗಳೂ ಗಡಿ ದಾಟಿದ್ದವು. ನಮಗೆ ಸ್ವಾತಂತ್ರ್ಯ ಬಂದದ್ದು ಹಾಗೆ.

ಅದೇ ಹೊತ್ತಿಗೆ ಲಗಮವ್ವ ಹಳ್ಳದಂಚಿನಲ್ಲಿ ತೊಗಲು ತೊಳೆಯುತ್ತಿದ್ದವಳು ಕಾಲು ಜಾರಿ ನೀರಿಗೆ ಬಿದ್ದು ಈ ದಡಕ್ಕೆ ಉರುಳಿದಳಂತೆ. ಎದ್ದು ನೋಡಿದರೆ ನಿಂತದ್ದು ಈ ಕಡೆಯ ನೆಲ. ಅವಳು ಹಿಂದೆ ತಿರುಗಲಿಲ್ಲ. ಒದ್ದೆ ಸೀರೆಯಲ್ಲೇ ಊರ ಅಗಸೆ ಬಾಗಿಲೊಳಗಿಂದ, ಬಜಾರದ ನಡುವಿನಿಂದ, ಬೆರಳು ಚೀಪುತ್ತ ನಿಂತ ಜನರ ಮುಂದಿನಿಂದ ಹಾದು ನನ್ನ ಬಾಗಿಲಿಗೆ ಬಂದು, "ರೊಟ್ಟಿ ಉಳದಾವೇನ್ರಿ?" ಅಂದಳು. ನಾನು ಅತ್ತುಬಿಟ್ಟೆ. ನಾಚಿಕೆಯೇನು ಅದರಲ್ಲಿ, ಅಳು ಬಂತು, ಅತ್ತೆ. ಮರುವಾರವೇ ಕಟ್ಟೆಯ ಮೇಲೆ ತಾಳಿ ಕಟ್ಟಿದೆ. ಮುಖ ಸಿಂಡರಿಸಿದವರು ಬಹಳ ಮಂದಿ. ಆದರೆ ತಡೆಯಲು ಕಾನೂನೇ ಇರಲಿಲ್ಲ, ಮತ್ತು ಕಾನೂನಿಲ್ಲದೆ ತಡೆಯುವುದು ಹೇಗೆಂದು ನಮ್ಮವರಿಗೆ ಗೊತ್ತಿರಲಿಲ್ಲ.

ಕಾನೂನಿಲ್ಲದ ಊರು ಮೊದಮೊದಲು ಮಜವಾಗಿತ್ತು. ಮೊದಲ ಕಳ್ಳತನ ಮಾಡಿದವನು ನನ್ನ ಸೋದರಮಾವನೇ. ವಿರುಪಾಕ್ಷಪ್ಪ ಶೆಟ್ಟರ ಅಂಗಡಿಯ ಬೆಲ್ಲದ ಅಚ್ಚಿಗೆ ಕೈಹಾಕಿ, ರೂಢಿಯಂತೆ ಕೈ ನಿಲ್ಲಲಿ ಎಂದು ಕಾದ. ಕೈ ನಿಲ್ಲಲಿಲ್ಲ. ಬೆಲ್ಲ ಅಂಗಿಯೊಳಗೆ ಬಂತು. ಅವನು ಹೆದರಿ, "ನನ್ನ ಕೈಗೆ ಏನೋ ಆಗೇತ್ರೋ! ನಿಲ್ಲವಲ್ದು!" ಎಂದು ಬೊಬ್ಬೆ ಹೊಡೆದ. ಶೆಟ್ಟರೇ ಓಡಿ ಬಂದು ನೀರು ಕುಡಿಸಿದರು. ಆದರೆ ಜನ ಬೇಗ ಕಲಿತರು. ಹಗಲೇ ಕೋಳಿ ಮಾಯವಾದವು. ಇನ್ನೊಬ್ಬರ ಹೊಲದ ಬದು ಜರುಗಿತು. ಮಾತಿಗೆ ಮಾತು ಬೆಳೆದಾಗ ಎತ್ತಿದ ಕೈ ನಿಜವಾಗಿಯೂ ಕೆನ್ನೆಗೆ ಬಿತ್ತು. ಬಿದ್ದವನಿಗಿಂತ ಹೊಡೆದವನೇ ಹೆಚ್ಚು ಗಾಬರಿಯಾದ. ಹೀಗಾದರೆ ಊರು ಉಳಿಯುವುದಿಲ್ಲ, ನಮ್ಮ ಕಾನೂನು ನಾವೇ ಬರೆದುಕೊಳ್ಳೋಣ ಎಂದು ಹಿರಿಯರು ಎದ್ದರು.

ಅರಮನೆಯ ಹಳೆಯ ಆನೆಲಾಯದಲ್ಲಿ ಸಭೆ ಕೂಡಿತು. ದೊರೆಯ ದಿವಾನರಾಗಿದ್ದ ಗುಂಡೇರಾಯರು ಅಧ್ಯಕ್ಷರು. ಅವರಿಗೆ ಕಾನೂನಿನ ಭಾಷೆ ಬರುತ್ತಿತ್ತು, ಅಂದರೆ ಎಲ್ಲ ಮಾತಿನ ಕೊನೆಗೂ 'ತಕ್ಕದ್ದು' ಸೇರಿಸುತ್ತಿದ್ದರು. ಕಾನೂನುಗಳ ಒಂದು ಕರಡನ್ನು ಅವರು ಮನೆಯಲ್ಲೇ ಬರೆದು ತಂದಿದ್ದರು, ಅದರ ಕೊನೆಯ ಹಾಳೆಯನ್ನು ಮಾತ್ರ ಯಾರಿಗೂ ತೋರಿಸುತ್ತಿರಲಿಲ್ಲ. ವಿರುಪಾಕ್ಷಪ್ಪ ಶೆಟ್ಟರು ಸಭೆಗೆ ಚಹಾ ಅವಲಕ್ಕಿ ಒದಗಿಸುವುದರಿಂದ ಸದಸ್ಯರು. ಸಾಲಿ ಮಾಸ್ತರ ನೇಮಣ್ಣನವರ ಅಕ್ಷರ ದುಂಡಗಿದ್ದುದರಿಂದ ಬರೆಯುವ ಕೆಲಸ ಅವರಿಗೆ. ಓಣಿಗೊಬ್ಬರಂತೆ ಇನ್ನೂ ಕೆಲವರು. ಹಳ್ಳದಾಚೆಯಿಂದ ಯಾರೂ ಇಲ್ಲ. ಅವರನ್ನು ಕರೆಯಬೇಕೆಂದು ಹೆಚ್ಚಿನವರಿಗೆ ಹೊಳೆಯಲಿಲ್ಲ, ಹೊಳೆದವರು ಸುಮ್ಮನಿದ್ದರು. ಲಗಮವ್ವ ಮಾತ್ರ ಬಾಗಿಲ ಹೊರಗೆ ಹುಲ್ಲಿನ ಬೆಂಕಿ ಹಾಕಿಕೊಂಡು ನನ್ನ ಹಲಗಿ ಕಾಯಿಸುತ್ತ ಕೂರುತ್ತಿದ್ದಳು. ಹಲಗಿ ಕಾಯದೆ ಬಾರಿಸಲು ಬರುವುದಿಲ್ಲ, ಹಾಗಾಗಿ ಯಾರೂ ಅವಳಿಗೆ ಏಳು ಅನ್ನುವಂತಿರಲಿಲ್ಲ.

ಕೋಳಿ ಕಳಕೊಂಡವರ ಒತ್ತಾಯದಿಂದ ಮೊದಲ ಕಾನೂನು ತಯಾರಾಯಿತು: 'ಒಬ್ಬರ ವಸ್ತುವನ್ನು ಮತ್ತೊಬ್ಬರು ಮುಟ್ಟತಕ್ಕದ್ದಲ್ಲ.' ಎಲ್ಲರೂ ಚಪ್ಪಾಳೆ ಹೊಡೆದರು. ನಾನು ಕಟ್ಟೆಯೇರಿ ಓದಿದೆ. ಕೊನೆಯ ಅಕ್ಷರ ಮುಗಿದದ್ದೇ ತಡ, ಹಾಳೆ ನನ್ನ ಕೈಯಿಂದ ಜಾರಿ ಬಿತ್ತು. ಅದು ರಾಯರ ಹಾಳೆ. ಹಲಗಿ ಹೆಗಲಿನಿಂದ ಉರುಳಿತು. ಅದು ಊರಿನ ಹಲಗಿ. ಆಮೇಲಿನ ಫಜೀತಿ ಕೇಳಬೇಡಿ. ಹಡಪದ ಹಂಪಣ್ಣ ಶೆಟ್ಟರ ಒಂದು ಗಲ್ಲ ಬೋಳಿಸಿದ್ದ. ಇನ್ನೊಂದು ಗಲ್ಲದ ಹತ್ತಿರ ಕತ್ತಿ ಹೋಗಲೊಲ್ಲದು, ಏಕೆಂದರೆ ಗಲ್ಲ ಶೆಟ್ಟರದು. ಅಂಗಡಿಯಲ್ಲಿ ಜೋಳ ಶೆಟ್ಟರದು, ದುಡ್ಡು ಗಿರಾಕಿಯದು, ಎರಡೂ ಎದುರುಬದುರು ಕೂತವು. ಬೀಗರ ಮನೆಗೆ ಉಣ್ಣಲು ಹೋದವರು ಎಲೆಯ ಮುಂದೆ ಕೈಕಟ್ಟಿ ಕೂತರು. ನಮ್ಮ ಮನೆ ಅರಮನೆಗೆ ಸೇರಿದ್ದು, ಹಾಗಾಗಿ ಬಾಗಿಲ ಚಿಲಕವೂ ನಮಗೆ ಸಿಗಲಿಲ್ಲ. ನಾನೂ ಲಗಮವ್ವನೂ ಬೇವಿನ ಗಿಡದ ಕೆಳಗೆ ಕೂತೆವು. "ಗಿಡ ಯಾರದ್ರಿ?" ಎಂದಳು. ಒರಗಲು ಹೋದ ಬೆನ್ನು ಅಲ್ಲೇ ನಿಂತಿತ್ತು.

ಕಾನೂನು ರದ್ದು ಮಾಡುವುದಾದರೂ ಹೇಗೆ? ಅದನ್ನೂ ಓದಬೇಕಲ್ಲ! ಹಾಳೆ ನಾನು ಮುಟ್ಟುವಂತಿಲ್ಲ. ಕೊನೆಗೆ ಗುಂಡೇರಾಯರೇ ಕಟ್ಟೆಯೇರಿ, ಎರಡೂ ಕೈಯಲ್ಲಿ ಹಾಳೆ ಬಿಡಿಸಿ ನನ್ನ ಮುಖಕ್ಕೆ ಹಿಡಿದು ನಿಂತರು. ಲಗಮವ್ವ ಆಗಷ್ಟೇ ತವರಿಗೆ ಓಡಿ ತಂದ ತನ್ನ ಸ್ವಂತ ತಾಟನ್ನು ಸ್ವಂತ ಸೌಟಿನಿಂದ ಬಾರಿಸಿದಳು. ಅರ್ಧ ಗಡ್ಡದ ಶೆಟ್ಟರು ಕೆಳಗೆ ನಿಂತು, "ಲಗೂ ಓದೋ ಮಾರಾಯಾ" ಎಂದು ಅಂಗಲಾಚುತ್ತಿದ್ದರು. ಓದಿದೆ, ರದ್ದಾಯಿತು.

ಎರಡನೆಯದು ನೇಮಣ್ಣ ಮಾಸ್ತರರ ಕನಸು. ಎಲ್ಲ ಕೇಡಿಗೂ ಸುಳ್ಳೇ ಮೂಲ, ಎಲ್ಲರೂ ಸತ್ಯವನ್ನೇ ನುಡಿಯತಕ್ಕದ್ದು ಎಂದರೆ ಕಳ್ಳತನವೂ ತಾನಾಗಿ ನಿಲ್ಲುತ್ತದೆ ಎಂದು ಅವರು ಕಣ್ಣಲ್ಲಿ ನೀರು ತಂದುಕೊಂಡು ಹೇಳಿದರು. ಇದರಿಂದ ಯಾರ ಕೈಯೂ ನಿಲ್ಲುವುದಿಲ್ಲವಲ್ಲ ಎಂದು ಸಭೆ ಒಪ್ಪಿತು. ಓದಿದೆ. ಕಟ್ಟೆಯಿಳಿದು ಮನೆಗೆ ಬರುವಷ್ಟರಲ್ಲಿ ಊರಿಗೆ ಬೆಂಕಿ ಬಿದ್ದಂತಾಗಿತ್ತು. ಅತ್ತೆ ಸೊಸೆಯರು ಅಂಗಳಕ್ಕಿಳಿದಿದ್ದರು. ಶೆಟ್ಟರು ತಕ್ಕಡಿಯ ಮುಂದೆ ಕೂತು ಬಂದವರಿಗೆಲ್ಲ, "ಬರ್ರಿ, ಈ ಕಲ್ಲು ಹಗುರ ಐತಿ, ಕಾಳಿನಾಗ ಹರಳು ಕಲಿಸೇನಿ, ಎಷ್ಟು ಕೊಡ್ಲಿ?" ಎನ್ನುತ್ತಿದ್ದರು. ಮಾಸ್ತರರಿಗೆ ಒಬ್ಬ ಹುಡುಗನ ತಾಯಿ ಅಡ್ಡ ಬಂದು, ನನ್ನ ಮಗ ಹೆಂಗ ಓದ್ತಾನ್ರಿ ಎಂದು ಕೇಳಿದಳು. ಅವರು ಹೇಳಿದ ಉತ್ತರಕ್ಕೆ ಆಕೆ ಇವತ್ತಿಗೂ ಅವರ ಕೂಡ ಮಾತಾಡುವುದಿಲ್ಲ.

ನಮ್ಮ ಮನೆಯಲ್ಲೂ ತಪ್ಪಲಿಲ್ಲ. ಲಗಮವ್ವ ಝುಣಕ ಬಡಿಸಿ, "ಹ್ಯಾಂಗಾಗೇತ್ರಿ?" ಎಂದು ಕೇಳಿಯೇಬಿಟ್ಟಳು. "ನಮ್ಮವ್ವ ಮಾಡಿದಂಗ ಆಗಿಲ್ಲ" ಎಂದಿತು ನನ್ನ ಬಾಯಿ. ಅವಳು ಸೌಟು ಕೆಳಗಿಟ್ಟಳು. "ಆತು, ಈಗ ಇನ್ನೊಂದು ಕೇಳ್ತೇನಿ. ನಿಮ್ಮ ಹಲಗಿ ತೊಗಲು ಅಷ್ಟು ಸಲ ಯಾಕ ಹರೀತಿತ್ತು?"

"ನಾನ ಹರೀತಿದ್ದೆ. ಕುಡಗೋಲಿನಿಂದ."

ಅವಳು ಸೆರಗು ಬಾಯಿಗಿಟ್ಟು ನಕ್ಕಳು. ನಕ್ಕು ನಕ್ಕು ಸುಮ್ಮನಾಗಿ, ಏನೋ ನೆನಪಾದವಳಂತೆ ಎದ್ದಳು. "ನಡೀರಿ. ಇದನ್ನ ಅವರು ರದ್ದು ಮಾಡೂದ್ರಾಗ ರಾಯರ ಮನಿಗೆ ಹೋಗಿ ಬರೂಣು."

ಗುಂಡೇರಾಯರು ಬಾಯಿಗೆ ಶಲ್ಯ ಕಟ್ಟಿಕೊಂಡು ಪಡಸಾಲೆಯಲ್ಲಿ ಕೂತಿದ್ದರು. ಹೆಂಡತಿ ಒಳಗಿನಿಂದ ಪ್ರಶ್ನೆ ಕೇಳುತ್ತಿದ್ದರೆಂದು ಕಾಣುತ್ತದೆ, ರಾಯರು ಬೆವೆತಿದ್ದರು. ಲಗಮವ್ವ ಅಂಗಳದಲ್ಲೇ ನಿಂತಳು.

"ರಾಯರ, ನಿಮ್ಮ ಕರಡಿನ ಕಡೀ ಹಾಳಿ ಯಾರಿಗೂ ತೋರ್ಸಿಲ್ಲಂತ. ಅದರಾಗ ಏನ ಬರದೀರಿ?"

ರಾಯರು ಶಲ್ಯ ಬಿಗಿಯಾಗಿ ಒತ್ತಿಹಿಡಿದರು. ಆದರೂ ಮಾತು ಬಟ್ಟೆಯೊಳಗಿಂದಲೇ ಬಂತು. "ಹಿಂದಿನಿಂದ ನಡಕೊಂಡು ಬಂದ ಪದ್ಧತಿ ಎಲ್ಲಾ ಹಾಂಗೇ ಮುಂದುವರೀತಕ್ಕದ್ದು ಅಂತ ಬರದೇನಿ."

"ದೊರಿಗಿಂತ ಮೊದಲ ಉಣಬಾರದು ಅನ್ನೂದೂ?"

"ಅದನ್ನ ಬಿಟ್ಟು. ದೊರೆಗೆ ಸಂಬಂಧಪಟ್ಟದ್ದೆಲ್ಲಾ ಬಿಟ್ಟು. ನಾವೂ ಉಣಬೇಕಲ್ಲ."

"ಮತ್ತ ಹಳ್ಳ?"

"ಅದಕ್ಕಂತಲೇ ಬರದದ್ದು." ಇಷ್ಟು ಹೇಳಿ ರಾಯರು ಕಣ್ಣು ಮುಚ್ಚಿಕೊಂಡರು.

ನಾನು ತಿರುಗಿ ನೋಡಿದೆ. ಲಗಮವ್ವ ಮಾತ್ರ ಕದಲಲಿಲ್ಲ. "ಯಾಕ್ರಿ?" ಎಂದಳು.

ನಮ್ಮ ಊರಿನಲ್ಲಿ ಕಾನೂನಿನ ಬಗ್ಗೆ ಯಾರೂ ಹಾಗೆ ಕೇಳಿದ್ದಿಲ್ಲ. ಕೇಳಿ ಏನು ಮಾಡುವುದು, ಕೈಕಾಲು ಹೇಗೂ ಮಾಡಿಮುಗಿಸುತ್ತಿತ್ತು. ರಾಯರು ಶಲ್ಯ ತೆಗೆದರು. ಉತ್ತರಕ್ಕೆ ಬಾಯಿ ತೆರೆದು, ತಮ್ಮ ಬಾಯಿಂದ ಬಂದದ್ದನ್ನು ತಾವೇ ನಂಬಲಾರದವರಂತೆ, "ಗೊತ್ತಿಲ್ಲವ್ವಾ" ಎಂದರು. "ನಮ್ಮಪ್ಪನ ಕಾಲದಾಗೂ ಹಾಂಗೇ ಇತ್ತು. ನನಗ ಗೊತ್ತಿಲ್ಲ."

ಸಂಜೆಯೊಳಗೆ ಸತ್ಯ ರದ್ದಾಯಿತು. ಊರಿಗೆ ಊರೇ ಬಂದು ರದ್ದು ಮಾಡಿಸಿತು. ಮರುದಿನ ಸಭೆ ಕೂಡಿದಾಗ ಮಾತ್ರ ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಒಂದೊಂದು ಕಾನೂನು ಹೇಳಿದಾಗಲೂ ಒಬ್ಬೊಬ್ಬರು ಹೌಹಾರುತ್ತಿದ್ದರು. ಹೊಡೆಯಬಾರದು ಎಂದರೆ ದನ ಕಾಯುವವರು ಎದ್ದು ನಿಂತರು. ತೂಕದಲ್ಲಿ ಮೋಸ ಕೂಡದು ಎಂದಾಗ ಶೆಟ್ಟರಿಗೆ ಕೆಮ್ಮು ಬಂತು. ಸೂರ್ಯ ಹುಟ್ಟುವ ಮೊದಲು ಶಾಲೆ ತೆರೆಯಬೇಕೆಂದು ಯಾರೋ ಹೇಳಿದ್ದಕ್ಕೆ ಮಾಸ್ತರರ ಮುಖ ಸಪ್ಪಗಾಯಿತು. ಅವಲಕ್ಕಿ ಖಾಲಿಯಾಯಿತು, ಹಾಳೆ ಖಾಲಿಯೇ ಉಳಿಯಿತು.

ಆಗ ಬಾಗಿಲಿನಿಂದ ಲಗಮವ್ವನ ಮಾತು ಬಂತು. ಹಲಗಿಯನ್ನು ಬೆಂಕಿಯ ಮೇಲೆ ತಿರುಗಿಸುತ್ತ, ನಮ್ಮ ಕಡೆ ನೋಡದೆಯೇ ಅಂದಳು. "ಮುರಿಯಾಕ ಬರೂ ಹಂಗ ಬರೀರಲಾ."

"ಅಂದರ?" ಎಂದರು ರಾಯರು.

"ಕಾನೂನು ಬರೀರಿ. ಆದ್ರ ಕೈಕಾಲಿಗೆ ಇಳೀಬಾರದು. ಮಂದಿ ಕಿವಿಗೆ ಇಳೀಲಿ ಸಾಕು. ಮನಸ್ಸು ಮಾಡಿದವ್ರಿಗೆ ಮುರಿಯಾಕ ಬರಬೇಕು. ಅದನ್ನ ಒಂದನೇ ಕಲಮು ಮಾಡ್ರಿ."

"ಮುರೀಲಿಕ್ಕೆ ಬಂದರ ಅದು ಕಾನೂನು ಹ್ಯಾಂಗ ಆಗ್ತದ? ಹುಚ್ಚಿ!" ಎಂದು ರಾಯರು ನಕ್ಕರು.

"ಮುರದವ್ರನ್ನ ಕಟ್ಟಿ ಮ್ಯಾಲ ನಿಂದರಿಸಿ, ಊರ ಮುಂದ ಯಾಕ ಅಂತ ಕೇಳ್ರಿ. ಅವರು ಹೇಳಿದ್ದು ಊರಿಗೆ ಸರಿ ಕಾಣ್ಲಿಲ್ಲಂದ್ರ ಶಿಕ್ಷಾ ಕೊಡ್ರಿ."

ನಾನು ಶೆಟ್ಟರ ಮುಖ ನೋಡುತ್ತಿದ್ದೆ. ಅದು ಮೆಲ್ಲಗೆ ಅರಳತೊಡಗಿತ್ತು. ಹಗುರ ಕಲ್ಲು ಅವರ ಕಣ್ಣ ಮುಂದೆ ಬಂದಿರಬೇಕು. "ಹುಡುಗಿ ಹೇಳೂದ್ರಾಗ ಅರ್ಥ ಐತ್ರಿ ರಾಯರ" ಎಂದರು. ದನ ಕಾಯುವವರು ಹೂಂ ಎಂದರು. ಮಾಸ್ತರರು ತಮ್ಮ ಬೆಳಗಿನ ನಿದ್ದೆಯನ್ನು ನೆನೆದು, ಮನುಷ್ಯನಿಗೆ ಸ್ವಾತಂತ್ರ್ಯವೇ ದೊಡ್ಡದು ಎಂದು ಭಾಷಣ ಮಾಡಿದರು. ರಾಯರ ಮನೆಯಲ್ಲಿ ಹಿಂದಿನ ದಿನ ಏನಾಗಿತ್ತೋ ದೇವರೇ ಬಲ್ಲ, ಅವರೂ ಗಂಟಲು ಸರಿಮಾಡಿಕೊಂಡು ಒಪ್ಪಿದರು. ಒಬ್ಬೊಬ್ಬರೂ ತಾವು ಮುರಿಯಬೇಕೆಂದಿದ್ದ ಕಾನೂನನ್ನು ಮನಸ್ಸಿನಲ್ಲಿಟ್ಟುಕೊಂಡು ಕೈಯೆತ್ತಿದರು. ನಮ್ಮ ದೇಶದ ಸಂವಿಧಾನದ ಒಂದನೇ ಕಲಮಿಗೆ ಒಂದೇ ಒಂದು ವಿರೋಧವೂ ಬರಲಿಲ್ಲ.

ಆಮೇಲೆ ಕೆಲಸ ನೀರು ಕುಡಿದಂತೆ ಸಾಗಿತು. ಕದಿಯಬಾರದು, ಹೊಡೆಯಬಾರದು, ತೂಕ ಸರಿಯಿರಬೇಕು, ನಿಜ ಹೇಳಬೇಕು ಎಂದು ಎಲ್ಲವನ್ನೂ ಧಾರಾಳವಾಗಿ ಬರೆದರು. ಮುರಿಯಲು ಬರುವುದೆಂದ ಮೇಲೆ ಬರೆಯಲು ಹೆದರಿಕೆಯೇನು? ಕೊನೆಗೆ ರಾಯರು ತಮ್ಮ ಹಾಳೆಯನ್ನೂ ಸೇರಿಸಿದರು. ಹಿಂದಿನ ಪದ್ಧತಿ ಮುಂದುವರಿಯಲಿ ಎಂದರೆ ಬೇಡವೆನ್ನುವವರು ಆ ಲಾಯದಲ್ಲಿ ಯಾರಿದ್ದರು? ನಾನೊಬ್ಬನಿದ್ದೆ, ಆದರೆ ಡಂಗುರದವನಿಗೆ ಕೂಗುವ ಹಕ್ಕಿತ್ತೇ ಹೊರತು ಮಾತಾಡುವ ಹಕ್ಕಿರಲಿಲ್ಲ.

ಓದುವ ದಿನ ಬೆಳಗ್ಗೆ ಲಗಮವ್ವ ಕಟ್ಟೆಯ ಪಕ್ಕ ಹುಲ್ಲು ಉರಿಸಿ ಹಲಗಿ ಕಾಯಿಸುತ್ತಿದ್ದಳು. "ನಿನ್ನ ಒಂದನೇ ಕಲಮು ಅವರ ಕಡೀ ಕಲಮನ್ನ ತಡೀತೈತಿ ಅಂತ ಏನ ಖಾತ್ರಿ?" ಎಂದೆ. "ಅದು ನಿನ್ನೆ ಮೊನ್ನೆ ಹುಟ್ಟಿದ್ದು. ಇದು ದೊರಿ ಮುತ್ತ್ಯಾನ ಕಾಲದ್ದು. ನಾ ಓದಿ ಮುಗಿಸಿದ ಕೂಡ್ಲೆ ನಿನ್ನ ಕಾಲು ಎದ್ದು ಹೊಂಟ್ರ?"

"ಹೊಂಟ್ರ ಹೊಂಟಾವು. ಯಾರಿಗೆ ಗೊತ್ರಿ?"

"ಆ ಹಾಳಿ ನುಂಗಿಬಿಡ್ತೇನಿ. ಕಡೀದ ಬಿಟ್ಟು ಓದ್ತೇನಿ. ಯಾರಿಗೂ ತಿಳಿಯೂದಿಲ್ಲ."

ಅವಳು ಹಲಗಿ ಕೆಳಗಿಟ್ಟು ನನ್ನನ್ನು ನೆಟ್ಟಗೆ ನೋಡಿದಳು. ಅವಳ ಕಣ್ಣು ಹೊಗೆಗೆ ಕೆಂಪಾಗಿತ್ತೋ ಇನ್ನೇತಕ್ಕೋ. "ನೀವು ಇವತ್ತ ಬಿಟ್ರ ನಾಳೆ ಮಾಸ್ತರ ಓದ್ತಾರ. ಇಲ್ಲಾ ನಾಡದ ಮತ್ತೊಬ್ರು. ದಿನಾ ಬೆಳಗಾದ್ರ ನನ್ನ ಕಾಲು ನಾನ ನೋಡ್ಕೋತ ಕುಂದರ್ಲೇನ್ರಿ? ಪೂರಾ ಓದ್ರಿ. ಒಂದಕ್ಷರ ಬಿಡಬ್ಯಾಡ್ರಿ." ಆಮೇಲೆ ಹಲಗಿಯ ಮೇಲೆ ಬೆರಳಾಡಿಸಿ, "ಹೋದ್ರೂ ನಿಮ್ಮ ದನಿ ಕೇಳ್ಕೋತ ಹೋಗ್ತೇನಿ" ಎಂದಳು.

ಊರೆಲ್ಲ ಕೂಡಿತ್ತು. ಹಳ್ಳದಾಚೆಯವರೂ ಬಂದು ಹಿಂದೆ ಒಂದು ಗುಂಪಾಗಿ ನಿಂತಿದ್ದರು. ಮುಂದೆ ಮಾವ ಯಮನಪ್ಪ, ಹೊಸ ರುಮಾಲು ಸುತ್ತಿಕೊಂಡು. ನಾನು ಬಾರಿಸಿದೆ, ಓದಿದೆ. ಮೊದಲನೆಯ ಕಲಮಿಗೆ ಜನ ಹೋ ಎಂದರು. ನಡುವಿನವಕ್ಕೆ ಆಕಳಿಸಿದರು. ಕೊನೆಯ ಹಾಳೆ ಕೈಗೆ ಬಂದಾಗ ನನ್ನ ದನಿ, ಮೂರು ತಲೆಮಾರಿನ ಆ ದನಿ, ಒಡೆದು ಹೋಯಿತು. ಆದರೂ ಬಿಡಲಿಲ್ಲ. ಹಿಂದಿನಿಂದ ನಡೆದು ಬಂದ ಪದ್ಧತಿಗಳೆಲ್ಲ ಹಾಗೆಯೇ ಮುಂದುವರಿಯತಕ್ಕದ್ದು. ಓದಿ ಮುಗಿಸಿ ಲಗಮವ್ವನ ಕಾಲನ್ನೇ ನೋಡಿದೆ.

ಮೊದಲು ಕದಲಿದ್ದು ಯಮನಪ್ಪ. ತಲೆ ಬಗ್ಗಿಸಿ, ತಿರುಗಿ, ಹಳ್ಳದ ಕಡೆ ಹೊರಟ. ಅವನ ಹಿಂದೆ ಒಬ್ಬೊಬ್ಬರಾಗಿ ಆ ಗುಂಪೆಲ್ಲ ಹೊರಟಿತು. ಕಾನೂನು ಎಳೆಯಿತೋ, ಇಷ್ಟು ವರ್ಷದ ರೂಢಿ ಎಳೆಯಿತೋ, ನೋಡುವವರಿಗೆ ಗೊತ್ತಾಗುವಂತಿರಲಿಲ್ಲ. ಬಜಾರದವರು ಸುಮ್ಮನೆ ದಾರಿ ಬಿಟ್ಟರು. ಆಮೇಲೆ ಲಗಮವ್ವನ ಕಾಲೂ ತಿರುಗಿತು. ಒಂದು ಹೆಜ್ಜೆ ಹೋಯಿತು, ಇನ್ನೊಂದು ಹೋಯಿತು. ನಾನು ಹಲಗಿ ಬಿಟ್ಟು ಕಟ್ಟೆಯ ಅಂಚಿಗೆ ಬಂದೆ. ಅಯ್ಯೋ ದೇವರೇ, ಹೋದಳಲ್ಲ ಎಂದು ಕೂಗಿಯೇಬಿಡುತ್ತಿದ್ದೆ. ಅಷ್ಟರಲ್ಲಿ ಅವಳು ನಿಂತಳು.

ನಿಂತು ತನ್ನ ಪಾದವನ್ನೇ ನೋಡಿಕೊಂಡಳು. ಸೀರೆಯನ್ನು ಒಂದಿಷ್ಟು ಮೇಲೆತ್ತಿ ಹಿಡಿದು, ಬಲಗಾಲನ್ನು ಎತ್ತಿ, ನಮ್ಮ ಕಡೆಗೆ ತಿರುಗಿಸಿ ಇಟ್ಟಳು. ಕಾಲು ನೆಲಕ್ಕೆ ಊರಿತು, ಹಿಂದಕ್ಕೆ ಎಳೆಯಲಿಲ್ಲ. ಆಮೇಲೆ ಎಡಗಾಲು. ಅವಸರವಿಲ್ಲದೆ, ಅದೇ ಆಗ ನಡೆಯಲು ಕಲಿತ ಕೂಸಿನ ಹಾಗೆ ಒಂದೊಂದನ್ನೇ ಇಡುತ್ತ ಬಂದು, ಕಟ್ಟೆಯ ಮೆಟ್ಟಿಲು ಹತ್ತಿ ನನ್ನ ಪಕ್ಕದಲ್ಲಿ ನಿಂತಳು. ನಾನು ಅವಳ ಕೈ ಹಿಡಿದುಕೊಂಡೆ.

"ಕಾನೂನು ಮುರದಳು!" ಎಂದು ಗುಂಡೇರಾಯರು ಕೂಗಿದರು. "ಓದಿ ಬಾಯಿ ಮುಚ್ಚೂದ್ರಾಗ ಮುರದಳು! ಎಲ್ಲಾರೂ ನೋಡ್ರಿ!"

"ಹೌದ್ರಿ, ಮುರದೆ" ಎಂದಳು ಲಗಮವ್ವ. "ಕಟ್ಟಿ ಮ್ಯಾಲ ನಿಂತೇನಿ. ಈಗ ನೀವು ಕೇಳಬೇಕ್ರಿ."

ರಾಯರು ಸುತ್ತ ನೋಡಿದರು. ಶೆಟ್ಟರು, "ಒಂದನೇ ಕಲಮು, ರಾಯರ" ಎಂದು ನೆನಪಿಸಿದರು. ಜನ ಮುಂದಕ್ಕೆ ಒತ್ತಿ ಬಂದರು. ಹಳ್ಳದ ಕಡೆ ಹೊರಟಿದ್ದ ಗುಂಪು ನಡುದಾರಿಯಲ್ಲಿ ನಿಂತು ತಿರುಗಿತ್ತು. ಯಮನಪ್ಪ ಮಾತ್ರ ಆಗಲೇ ದಾಟಿಹೋಗಿ ಆ ದಡದಲ್ಲಿ ನಿಂತಿದ್ದ. ಕೇಳದೆ ಬೇರೆ ದಾರಿಯೇ ಇರಲಿಲ್ಲ. ರಾಯರು ಶಲ್ಯ ಸರಿಮಾಡಿಕೊಂಡು, ಜೀವಮಾನದಲ್ಲಿ ಮೊದಲ ಸಲ ಆ ಓಣಿಯ ಹೆಣ್ಣುಮಗಳ ಮುಖ ನೋಡಿ, "ಯಾಕ?" ಎಂದು ಕೇಳಿದರು.

"ನನ್ನ ಮನಿ ಈ ಕಡೆ ಐತ್ರಿ" ಎಂದಳು ಅವಳು.

ಅಷ್ಟೇ. ನಾನು ಅದನ್ನು ನನ್ನ ಪೂರ್ತಿ ದನಿಯಲ್ಲಿ ಕೂಗಿದೆ, ಹಳ್ಳದ ದಡಕ್ಕೂ ಕೇಳಲಿ ಎಂದು. ಉತ್ತರ ಸರಿಯೋ ತಪ್ಪೋ ಹೇಳಬೇಕಾದದ್ದು ಊರು. ತಪ್ಪು ಎನ್ನಲು ಯಾರೋ ಬಾಯಿ ತೆರೆದರು, ಏನು ಹೇಳಬೇಕೋ ತಿಳಿಯದೆ ಮುಚ್ಚಿಕೊಂಡರು. ರಾಯರು ಹಾಳೆಗಳನ್ನು ನನ್ನ ಕೈಯಿಂದ ಕಿತ್ತುಕೊಂಡು ಮುಂದೇನು ಮಾಡಬೇಕೆಂದು ಬರೆದಿದೆಯೋ ನೋಡಲು ಒಂದೊಂದನ್ನೇ ತಿರುವತೊಡಗಿದರು. ಅವರು ಇನ್ನೂ ತಿರುವುತ್ತಿರುವಾಗಲೇ, ಆ ದಡದಲ್ಲಿ ಯಮನಪ್ಪ ಧೋತರ ಮೇಲೆತ್ತಿಕೊಂಡು ನೀರಿಗಿಳಿದ.